ಕುಂಕುಮ ಹಚ್ಚಿದ ಕಾಗದ

ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಈಜಿಪ್ಟಿಗೆ ಹಡಗು ಹತ್ತಿದ್ದು 1914ರ ಅಕ್ಟೋಬರಿನಲ್ಲಿ. ಜೋಧಪುರದವರ ಜೊತೆಗೂಡಿ ಹೈಫಾ ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು. ಬಸುರಿ ಹೆಂಡತಿಯನ್ನು ಬಿಟ್ಟು ಹೊರಟ ಸವಾರನ ಮಗುವಿಗೆ ಅಷ್ಟು ಹೊತ್ತಿಗೆ ಮೂರು ತುಂಬಿರುತ್ತಿತ್ತು. ಮಗು ಹುಟ್ಟಿದ್ದನ್ನು ತಿಳಿಸಬೇಕಾದದ್ದು ಕಾಗದವೇ. ಅಂದಿನ ಒಕ್ಕಣೆಯಾದರೋ ಬಲು ಬಿಗಿ: ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುವುದು, ಮಳೆ, ಬೆಳೆ, ನಡುವೆ ಒಂದೇ ಸಾಲಿನಲ್ಲಿ ಮಗುವಿನ ಸುದ್ದಿ. ಸೆನ್ಸಾರಿನ ಭಯ ಎಂದುಬಿಡುವುದು ಸುಲಭ. ಆದರೆ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಟಪಾಲನ್ನು ಓದುತ್ತಿದ್ದ ಸೆನ್ಸಾರ್ ಕಚೇರಿಯ ವರದಿಗಳಲ್ಲೂ ಮದುವೆ, ಸಾಲ, ಜಮೀನಿನ ಮಾತು ಧಾರಾಳವಾಗಿ ಸಿಗುತ್ತದೆ. ಅಧಿಕಾರಿಗಳು ಹುಡುಕುತ್ತಿದ್ದುದು ಅಸಮಾಧಾನವನ್ನು, ಬಾಣಂತಿಯ ಕ್ಷೇಮವನ್ನಲ್ಲ. ಬಿಗಿಯ ಕಾರಣ ಮನೆಯೊಳಗೇ ಇತ್ತು.

ಅರಸೀಕೆರೆ, ಬೇಲೂರು ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ. ಅಲ್ಲಿಂದ ಸುದ್ದಿ ಗಂಡನ ಮನೆ ಮುಟ್ಟಿದ ಮೇಲೆ ಹಿರಿಯರು ಕಾಗದ ಬರೆಸಬೇಕು. 1911ರಲ್ಲಿ ಮೈಸೂರು ಸಂಸ್ಥಾನದ ನೂರು ಜನರಲ್ಲಿ ಹತ್ತು ಮಂದಿಗೂ ಓದು ಬರಹ ಬರುತ್ತಿರಲಿಲ್ಲ; ಲೇಖನಿ ಶಾನುಭೋಗರದೋ ಮೇಷ್ಟರದೋ. ಜಗಲಿಯಲ್ಲಿ ನಾಲ್ಕು ಜನರೆದುರು ಮಾವ ಹೇಳುತ್ತಾನೆ, ಮತ್ತೊಬ್ಬ ಬರೆಯುತ್ತಾನೆ; ದಂಡಿನಲ್ಲಿ ಇನ್ನೊಬ್ಬ ಗಟ್ಟಿಯಾಗಿ ಓದುತ್ತಾನೆ. ಗಂಡನ ಹೆಸರನ್ನೇ ಬಾಯಿಬಿಟ್ಟು ಹೇಳದ ಹೆಂಗಸು ಈ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು? ಕಾಗದ ಬರೆದದ್ದು ಮನೆ, ಅವಳಲ್ಲ.

ಹಾಗಾದರೆ ಅದರಲ್ಲಿ ಅಕ್ಕರೆ ಎಲ್ಲಿ ಎಂದು ಕೇಳಬಹುದು. ಶುಭ ಸಮಾಚಾರದ ಕಾಗದದ ಮೂಲೆಗಳಿಗೆ ಅರಿಸಿನ ಕುಂಕುಮ ಹಚ್ಚುವ ರೂಢಿ ನಮ್ಮಲ್ಲಿತ್ತು. ಅಕ್ಷರ ಬಾರದವನಿಗೂ ಒಡೆಯುವ ಮೊದಲೇ ವಿಷಯ ತಿಳಿಯುತ್ತಿತ್ತು, ಓದುವವನ ಹಂಗಿಲ್ಲದೆ. ಪಡೆಯಲ್ಲಿ ಮುಸಲ್ಮಾನ ಸವಾರರೂ ಇದ್ದರು, ಅವರಿಗೆ ಈ ಕುಂಕುಮ ಸಲ್ಲದು, ನಿಜ. ಆದರೆ ಸಲಾಮಿನಿಂದ ತೊಡಗುವ ಅವರ ಕಾಗದವೂ ಇಷ್ಟೇ ಮಂದಿಯ ಕೈ ದಾಟಬೇಕಿತ್ತು. ಇನ್ನು ಅರಸೀಕೆರೆ ಬಳಿಯ ಮಾಲೇಕಲ್ಲು ತಿರುಪತಿಯ ವೆಂಕಟರಮಣನ ಒಕ್ಕಲಾದರೆ, ಮಗುವಿನ ಮುಡಿ ನೀನು ಬಂದ ಮೇಲೆಯೇ ಎಂದು ಒಂದು ಮಾತು ಬರೆಸಿದರೆ ಸಾಕು. ಹರಕೆಯ ಲೆಕ್ಕದಂತೆ ಕಾಣುವ ಆ ಮಾತನ್ನು ಯಾರೆದುರು ಓದಿದರೂ ನಾಚಿಕೆಯಿಲ್ಲ.

ಇದೆಲ್ಲಕ್ಕೂ ಟಪಾಲು ನಡೆಯುತ್ತಿರಬೇಕು. 1889ರಲ್ಲಿ ಮೈಸೂರಿನ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗಿದ್ದರಿಂದ ಈಜಿಪ್ಟಿನ ದಾರಿ ತೆರೆದಿತ್ತು. ಎರಡನೇ ಮಹಾಯುದ್ಧದಲ್ಲಿ, 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಗಿ ಮೈಸೂರಿನ ಕಾಲಾಳುಗಳು ಸೆರೆಸಿಕ್ಕಾಗ ಕಡಿದದ್ದು ಟಪಾಲಿನ ದಾರಿಯೇ. ಒಕ್ಕಣೆ ಬಲ್ಲ ಮೇಷ್ಟರು ಊರಲ್ಲಿದ್ದೂ ಪ್ರಯೋಜನವಾಗಲಿಲ್ಲ.