ಗೂಢಲಿಪಿ ಭಂಡಾರದ ದ್ವಾರನಿಯಮ
ಕಂಪ್ಯೂಟರುಗಳ ಪರಸ್ಪರ ವ್ಯವಹಾರವನ್ನು ಗೂಢಲಿಪಿಯಿಂದ ರಕ್ಷಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರ್ ಭಂಡಾರವು, 1995ರಲ್ಲಿ ಎರಿಕ್ ಯಂಗ್, ಟಿಮ್ ಹಡ್ಸನ್ ಎಂಬವರು ಆರಂಭಿಸಿದ ಎಸ್‌ಎಸ್‌ಎಲ್‌ಇಎವೈ ಎಂಬ ಕೃತಿಯಿಂದ ಬೆಳೆದು, 1998ರ ಡಿಸೆಂಬರಿನಲ್ಲಿ ಈಗಿನ ಹೆಸರನ್ನು ಪಡೆಯಿತು. ಇದರ ಮೂಲಪಾಠವು ಸರ್ವರಿಗೂ ತೆರೆದಿರುವುದು. ಅನ್ಯ ಪ್ರೋಗ್ರಾಮುಗಳು ಇದರ ಸೇವೆಯನ್ನು ಪಡೆಯುವ ದ್ವಾರಕ್ಕೆ ಇಂಟರ್‌ಫೇಸ್ ಎಂದು ಹೆಸರು. ಗಣಿತವು ನಿರ್ದುಷ್ಟವಾಗಿದ್ದರೂ ದ್ವಾರವು ಸಡಿಲವಾದರೆ ರಕ್ಷಣೆಯು ನಿಷ್ಫಲವೆಂಬುದಕ್ಕೆ ಇದರ ಚರಿತ್ರೆಯೇ ಪ್ರಮಾಣ.

2009ರ ಜನವರಿಯಲ್ಲಿ ಪ್ರಕಟವಾದ ಒಂದು ದೋಷವನ್ನು ನೋಡಬಹುದು. ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ಫಂಕ್ಷನ್ ಒಂದು ಮೂರು ಬಗೆಯ ಉತ್ತರವನ್ನು ಕೊಡುತ್ತಿದ್ದಿತು: ಸಹಿಯು ಸಾಧುವಾದರೆ 1, ಅಸಾಧುವಾದರೆ 0, ಪರೀಕ್ಷೆಯೇ ಕೆಟ್ಟರೆ -1. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಾದರೋ ಸೊನ್ನೆಯಲ್ಲದ ಸಂಖ್ಯೆಯೆಲ್ಲವೂ ಸತ್ಯವೆಂದೇ ಗಣ್ಯ. ಆದುದರಿಂದ ಉತ್ತರವು ಸೊನ್ನೆಯೋ ಅಲ್ಲವೋ ಎಂದು ಮಾತ್ರ ನೋಡಿದೆಡೆಯಲ್ಲಿ -1 ಎಂಬ ದೋಷಸೂಚನೆಯು ಸಮ್ಮತಿಯಾಗಿ ಪರಿಣಮಿಸಿ, ವಿಕೃತವಾದ ಸಹಿಯೂ ಸಾಧುವೆನಿಸಿತು. ಈ ಪ್ರಮಾದವು ಓಪನ್‌ಎಸ್‌ಎಸ್‌ಎಲ್‌ನ ಒಳಗಿನ ಫಂಕ್ಷನುಗಳಲ್ಲಿಯೇ ಇದ್ದಿತು. ಕರ್ತೃಗಳೇ ಎಡವುವಂತಹ ನಿಯಮದಲ್ಲಿ ಬಳಸುವವರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ.

ಎರಡನೆಯ ಸಡಿಲು ಒಳರಚನೆಗೆ ಸಂಬಂಧಿಸಿದುದು. ಬೀಗದ ಕೈ, ಪ್ರಮಾಣಪತ್ರ ಮುಂತಾದುವನ್ನು ಹಿಡಿದಿಡುವ ದತ್ತರಚನೆಗಳ ಅಂಗಾಂಗಗಳು ಹೊರಗೆ ಕಾಣುತ್ತಿದ್ದುದರಿಂದ, ಅನೇಕ ಪ್ರೋಗ್ರಾಮುಗಳು ಅವುಗಳನ್ನು ನೇರವಾಗಿ ಓದಿ ತಿದ್ದುತ್ತಿದ್ದುವು. ಆ ಕಾರಣ ಒಳಗಿನ ಯಾವ ಅಂಗವನ್ನು ಬದಲಿಸಿದರೂ ಹೊರಗಿನ ಪ್ರೋಗ್ರಾಮುಗಳು ಕೆಡುವ ಭಯವಿದ್ದಿತು. 2014ರ ಏಪ್ರಿಲಿನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ದೋಷವು ಇದಕ್ಕಿಂತ ಭಿನ್ನವಾದುದಾದರೂ, ಭಂಡಾರದ ಪಾಲನೆಯತ್ತ ಲೋಕದ ದೃಷ್ಟಿಯನ್ನು ಸೆಳೆಯಿತು. 2016ರ ಆಗಸ್ಟಿನಲ್ಲಿ ಹೊರಬಂದ 1.1.0 ಆವೃತ್ತಿಯು ಬಹುತೇಕ ದತ್ತರಚನೆಗಳನ್ನು ಮರೆಮಾಡಿ, ನಿಯತವಾದ ಫಂಕ್ಷನುಗಳ ಮೂಲಕವೇ ಅವುಗಳನ್ನು ಮುಟ್ಟಬೇಕೆಂದು ವಿಧಿಸಿತು.

ಈ ಬಿಗಿಗೆ ಬೆಲೆಯೂ ಇದ್ದಿತು. ಹಳೆಯ ಪ್ರೋಗ್ರಾಮುಗಳನೇಕವನ್ನು ತಿದ್ದಿ ಬರೆಯಬೇಕಾಯಿತು. 2017ರ ಡೆಬಿಯನ್ 9 ಆವೃತ್ತಿಯು 1.0.2, 1.1.0 ಎರಡನ್ನೂ ಹೊತ್ತು ನಡೆಯಿತು, 1.0.2ಕ್ಕಿದ್ದ ಸಾರ್ವಜನಿಕ ಪೋಷಣೆಯು 2019ರ ಅಂತ್ಯದವರೆಗೂ ಮುಂದುವರಿಯಿತು. 2021ರ ಸೆಪ್ಟೆಂಬರಿನ 3.0 ಆವೃತ್ತಿಯಲ್ಲಿ ಅನುಸರಿಸಿದುದು ಮಧ್ಯಮಮಾರ್ಗ: ಕೆಳಹಂತದ ಹಳೆಯ ಫಂಕ್ಷನುಗಳನ್ನು ಒಮ್ಮೆಗೇ ಕಿತ್ತೊಗೆಯದೆ, ತ್ಯಾಜ್ಯವೆಂದು ಗುರುತಿಸಿ ಎಚ್ಚರಿಸುವುದು.

ಹಳೆಯ ದ್ವಾರವನ್ನು ಹಾಗೆಯೇ ಇಟ್ಟರೆ ಹಳೆಯ ದೋಷವೂ ಉಳಿಯುವುದು. ಬಿಗಿಮಾಡಿದರೆ ಆಶ್ರಿತರೆಲ್ಲರೂ ಶ್ರಮಪಡಬೇಕಾಗುವುದು. ಎಚ್ಚರಿಕೆಯನ್ನೂ ಕಾಲಾವಕಾಶವನ್ನೂ ಮೊದಲು ಕೊಟ್ಟು, ಬಳಿಕ ಬಿಗಿಮಾಡುವ ಕ್ರಮವೇ ಈ ಎರಡಕ್ಕೂ ಸಮಾಧಾನವೆಂದು ಈ ಚರಿತ್ರೆಯಿಂದ ನಿಷ್ಪನ್ನವಾಗುತ್ತದೆ.