ನಾಸ್ತಿಕರ ಪ್ರಶ್ನೆ, ಕ್ರೈಸ್ತರ ಉತ್ತರ



ಈ ಜಗತ್ತಿಗೆ ಸೃಷ್ಟಿಕರ್ತನಿಲ್ಲ ಎಂಬ ಮಾತು ನಮ್ಮ ಕೃಷ್ಣಾತೀರಕ್ಕೆ ಹೊಸದಲ್ಲ. ಕುಡಚಿ, ರಾಯಬಾಗ, ಚಿಕ್ಕೋಡಿ, ಅಥಣಿ ಸೀಮೆಯ ಜೈನ ಬಂಧುಗಳು ತಲೆತಲಾಂತರದಿಂದ ಪಾಲಿಸಿಕೊಂಡು ಬಂದ ಧರ್ಮದಲ್ಲಿ ಸೃಷ್ಟಿಕರ್ತನಾದ ದೇವರಿಗೆ ಸ್ಥಾನವಿಲ್ಲ. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿಯೇ ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಈ ವಿಷಯವನ್ನು ತರ್ಕಬದ್ಧವಾಗಿ ಚರ್ಚಿಸಿದ್ದಾರೆ. ಆದುದರಿಂದ ನಾಸ್ತಿಕವಾದವೆಂದೊಡನೆ ಬೆಚ್ಚಿಬೀಳುವ ಅಗತ್ಯ ನಮಗಿಲ್ಲ.

ಆದರೆ ಆಧುನಿಕ ನಾಸ್ತಿಕವಾದದ ಬಗೆ ಬೇರೆ. ಅದು ಮುಖ್ಯವಾಗಿ ಮೂರು ಪ್ರಶ್ನೆಗಳನ್ನು ಎತ್ತುತ್ತದೆ. ದೇವರಿರುವುದಕ್ಕೆ ಪುರಾವೆ ಏನು? ದೇವರು ಕರುಣಾಮಯನಾದರೆ ಜಗತ್ತಿನಲ್ಲಿ ಇಷ್ಟೊಂದು ದುಃಖವೇಕೆ? ಧರ್ಮವು ದುರ್ಬಲರನ್ನು ತುಳಿಯುವ ಸಾಧನವಾದದ್ದೇಕೆ? 2006ರಲ್ಲಿ ಪ್ರಕಟವಾದ ರಿಚರ್ಡ್ ಡಾಕಿನ್ಸ್ ಅವರ ಗ್ರಂಥದಿಂದ ಈ ವಾದ ಜಗತ್ತಿನಾದ್ಯಂತ ಮತ್ತೆ ಕಾವೇರಿತು. ಕ್ರೈಸ್ತರು ಇದಕ್ಕೆ ಕೊಟ್ಟ ಉತ್ತರಗಳೆಲ್ಲವೂ ಒಂದೇ ತೂಕದವಲ್ಲ.

ಮೊದಲು ಪುರಾವೆಯ ಪ್ರಶ್ನೆ. ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲಿ ಪ್ರತಿಪಾದಿಸಿ, ಮಹಾಸ್ಫೋಟ ಸಿದ್ಧಾಂತಕ್ಕೆ ಅಡಿಪಾಯ ಹಾಕಿದ ಜಾರ್ಜ್ ಲೆಮೈತ್ರ್ ಬೆಲ್ಜಿಯಂ ದೇಶದ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ 12ನೆಯ ಪಿಯುಸ್ ಅವರು ಈ ಬಗೆಯ ಶೋಧಗಳನ್ನು ಸೃಷ್ಟಿಕರ್ತನಿಗೆ ಸಾಕ್ಷಿಯೆಂಬಂತೆ ಮಾತನಾಡಿದಾಗ ಲೆಮೈತ್ರ್ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ವಿಜ್ಞಾನದ ಸಿದ್ಧಾಂತ ವಿಜ್ಞಾನವಾಗಿಯೇ ಇರಲಿ, ದೇವರು ಸಮೀಕರಣದೊಳಗಿನ ಒಂದು ಅಂಕಿಯಲ್ಲ ಎಂಬುದು ಅವರ ನಿಲುವಿನ ತಾತ್ಪರ್ಯ. ತನ್ನ ಪಕ್ಷಕ್ಕೆ ಅನುಕೂಲವಾಗುವ ವಾದವನ್ನೂ ಬಿಟ್ಟುಕೊಡುವ ಪ್ರಾಮಾಣಿಕತೆ ಅದು.

ಎರಡನೆಯದು ದುಃಖದ ಪ್ರಶ್ನೆ. ಬೈಬಲ್ಲಿನ ಯೋಬನು ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡು ದೇವರನ್ನೇ ಪ್ರಶ್ನಿಸುತ್ತಾನೆ. ಗೆಳೆಯರು ದೇವರ ಪರವಾಗಿ ವಕೀಲಿ ಮಾಡುತ್ತಾರೆ. ಕೊನೆಯಲ್ಲಿ ದೇವರು ಗದರಿಸುವುದು ಆ ಗೆಳೆಯರನ್ನು! ಯೋಬನು ಸರಿಯಾಗಿ ಮಾತನಾಡಿದನೆಂದು ಹೇಳುತ್ತಾನೆ. ಕ್ರೈಸ್ತರು ಇದಕ್ಕೆ ಶಿಲುಬೆಯನ್ನು ಸೇರಿಸಿ, ನಮ್ಮ ದೇವರು ದುಃಖದ ಹೊರಗೆ ನಿಂತು ನೋಡುವವನಲ್ಲ, ಅದನ್ನು ಉಂಡವನು ಎನ್ನುತ್ತಾರೆ. ಇದರಿಂದ ಪ್ರಶ್ನೆ ಬಗೆಹರಿಯುವುದಿಲ್ಲ. ಆದರೆ ಪ್ರಶ್ನಿಸುವವನು ಪಾಪಿಯಲ್ಲ ಎಂಬುದಂತೂ ಸ್ಪಷ್ಟವಾಗುತ್ತದೆ.

ಮೂರನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ಅರ್ಥಪೂರ್ಣ ಉತ್ತರ ದೊರೆತಿದೆ. ಕೇರಳದ ಮಾರ್ ತೋಮಾ ಸಭೆಯ ಮಡಿಲಲ್ಲಿ ಹುಟ್ಟಿದ ಇಬ್ಬರನ್ನು ನೋಡಿರಿ. ತಿರುವಲ್ಲದಲ್ಲಿ 1898ರಲ್ಲಿ ಜನಿಸಿದ ಅಬ್ರಹಾಂ ಕೋವೂರರು ಪಾದ್ರಿಯ ಮಗ. ಶ್ರೀಲಂಕೆಯಲ್ಲಿ ಸಸ್ಯಶಾಸ್ತ್ರ ಬೋಧಿಸಿ, ನಿವೃತ್ತಿಯ ಬಳಿಕ ಪವಾಡ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಕೊಡುವೆನೆಂದು 1963ರಲ್ಲಿ ಸವಾಲು ಹಾಕಿದ ಪ್ರಸಿದ್ಧ ವಿಚಾರವಾದಿ. ಅಲ್ಲಿಗೆ ದೂರವಲ್ಲದ ಕೋಳಂಚೇರಿಯಲ್ಲಿ 1916ರಲ್ಲಿ ಜನಿಸಿದ ಎಂ. ಎಂ. ಥಾಮಸ್ ಅವರದು ಬೇರೆ ದಾರಿ. ತಾರುಣ್ಯದಲ್ಲಿ ಅವರು ಪಾದ್ರಿ ದೀಕ್ಷೆಗೂ ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವಕ್ಕೂ ಅರ್ಜಿ ಹಾಕಿದರು. ಕಮ್ಯುನಿಸಂ ಒಲವಿಗಾಗಿ ಸಭೆ ಬೇಡವೆಂದಿತು, ದೈವನಂಬಿಕೆಗಾಗಿ ಪಕ್ಷ ಬೇಡವೆಂದಿತು. ಮುಂದೆ ಅವರು ಬೆಂಗಳೂರಿನಲ್ಲಿ 1957ರಲ್ಲಿ ಸ್ಥಾಪನೆಯಾಗಿದ್ದ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯ ನಿರ್ದೇಶಕರಾದರು.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದು 1976ರಲ್ಲಿ. ಭಾರತದ ಮತನಿರಪೇಕ್ಷ ಸಿದ್ಧಾಂತಗಳನ್ನು ಕುರಿತ ಥಾಮಸ್ ಅವರ ಗ್ರಂಥ ಪ್ರಕಟವಾದದ್ದೂ ಅದೇ ವರ್ಷ. ದೇವರ ಹೆಸರಿನಲ್ಲಿ ನಡೆದ ಅನ್ಯಾಯದ ವಿರುದ್ಧ ನಾಸ್ತಿಕರು ಎತ್ತುವ ದನಿಯಲ್ಲಿ ಸತ್ಯವಿದೆ, ಸಭೆ ಅದನ್ನು ಕೇಳಿಸಿಕೊಂಡು ತನ್ನನ್ನು ತಿದ್ದಿಕೊಳ್ಳಬೇಕು ಎಂಬುದು ಥಾಮಸ್ ಅವರ ವಿಚಾರ. ಅದರ ಜೊತೆಗೇ ಅವರು ಎಚ್ಚರಿಕೆಯನ್ನೂ ಕೊಟ್ಟರು. ದೇವರನ್ನು ಕೆಳಗಿಳಿಸಿದ ಪೀಠ ಬರಿದಾಗಿ ಉಳಿಯುವುದಿಲ್ಲ, ಪಕ್ಷವೋ ಪ್ರಭುತ್ವವೋ ಜನಾಂಗವೋ ಅಲ್ಲಿ ಬಂದು ಕುಳಿತೀತು.

ಇನ್ನೊಂದು ಬಗೆಯ ಉತ್ತರವೂ ಇದೆ. 2012ರಲ್ಲಿ ಮುಂಬಯಿಯ ಇರ್ಲಾ ಪ್ರದೇಶದ ಚರ್ಚಿನ ಶಿಲುಬೆಯಿಂದ ನೀರು ತೊಟ್ಟಿಕ್ಕತೊಡಗಿದಾಗ ಜನ ಪವಾಡವೆಂದು ಮುಗಿಬಿದ್ದರು. ಚರಂಡಿಯ ತೇವ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿದೆಯೆಂದು ವಿಚಾರವಾದಿ ಸನಲ್ ಇಡಮರುಕು ವಿವರಿಸಿದರು. ಕೆಲವು ಕ್ಯಾಥೊಲಿಕ್ ಸಂಘಟನೆಗಳವರು ಪೊಲೀಸರಿಗೆ ದೂರು ಕೊಟ್ಟರು. ಅದೇ ವರ್ಷ ಅವರು ಫಿನ್‌ಲೆಂಡಿಗೆ ತೆರಳಿದರು. ವಾದಕ್ಕೆ ದೂರು ಉತ್ತರವಾಗಲಾರದು. ಅದು ನಂಬಿಕೆಯ ಬಲವನ್ನಲ್ಲ, ಅಂಜಿಕೆಯನ್ನು ತೋರಿಸುತ್ತದೆ.

ಮಾತಿಗಿಂತ ಕೃತಿಯೇ ಉತ್ತರವೆಂದು ಬಗೆದವರನ್ನು ನಮ್ಮ ಸೀಮೆ ಕಂಡಿದೆ. 1889ರಲ್ಲಿ ಭಾರತಕ್ಕೆ ಬಂದ ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿರಜದಲ್ಲಿ ಆರಂಭಿಸಿದ ಮಿಶನ್ ದವಾಖಾನೆಗೆ ಕುಡಚಿಯಿಂದ ರೈಲು ಹತ್ತಿ ಹೋದ ಕುಟುಂಬಗಳೆಷ್ಟೋ! ಆದರೆ ಇದೇ ಕೃಷ್ಣೆ ಹರಿದು ಮುಟ್ಟುವ ವಿಜಯವಾಡದಲ್ಲಿ, ಗೋರಾ ಎಂದು ಹೆಸರಾದ ಗೋಪರಾಜು ರಾಮಚಂದ್ರ ರಾವ್ ಅವರ ನಾಸ್ತಿಕ ಕೇಂದ್ರವೂ ಅಸ್ಪೃಶ್ಯತೆಯ ವಿರುದ್ಧ ದುಡಿಯಿತು. ಹಾಗಾಗಿ ಸೇವೆಯೊಂದರಿಂದಲೇ ದೇವರಿದ್ದಾನೆಂದೂ ಸಿದ್ಧವಾಗದು, ಇಲ್ಲವೆಂದೂ ಸಿದ್ಧವಾಗದು.

ಈ ಇತಿಹಾಸದಿಂದ ನನಗೆ ತೋರುವುದಿಷ್ಟು. ಎದುರಾಳಿಯ ಮಾತಿನಲ್ಲಿರುವ ಸತ್ಯವನ್ನು ಮೊದಲು ಒಪ್ಪಿ, ಬಳಿಕ ತಮ್ಮ ನಂಬಿಕೆಯನ್ನು ನುಡಿದವರ ಉತ್ತರವೇ ಬಾಳುತ್ತದೆ. ಇದು ಕ್ರೈಸ್ತರಿಗೆ ಮಾತ್ರ ಅನ್ವಯಿಸುವ ಪಾಠವಲ್ಲ. ನಾಳೆ ನಿಮ್ಮ ಮನೆಯ ಮಗುವೇ “ದೇವರೆಲ್ಲಿದ್ದಾನೆ?” ಎಂದು ಕೇಳೀತು. ಅದರ ಬಾಯಿ ಮುಚ್ಚಿಸಬೇಡಿರಿ, ಕುಳ್ಳಿರಿಸಿಕೊಂಡು ಮಾತನಾಡಿರಿ. ನಿಮ್ಮ ಭಿನ್ನಾಭಿಪ್ರಾಯಗಳಿದ್ದರೆ ಸಂಕೋಚವಿಲ್ಲದೆ ಬರೆದು ತಿಳಿಸಿರಿ.