ಕೊಲ್ಲಾಪುರದ ರಾಜನಿಗೆ ಸಿಕ್ಕ ಚಿಕ್ಕೋಡಿ

ವ್ಯಾಲೆಟ್ಟಿಗೆ ದಿಢೀರನೆ ಬಿಟ್‌ಕಾಯಿನ್ ಬಂದು ಬಿದ್ದರೆ ಏನು ಮಾಡೋದು ಅಂತ ಯಾರಾದರೂ ಕೇಳಿದರೆ ನನಗೆ ಚಿಕ್ಕೋಡಿ ನೆನಪಾಗುತ್ತೆ. 200 ವರ್ಷಗಳ ಹಿಂದೆ ಒಬ್ಬ ರಾಜನಿಗೆ ಇಡೀ ಸೀಮೆಯೇ ಹಾಗೆ ಬಂದು ಬಿದ್ದಿತ್ತು!

1812ರ ಒಪ್ಪಂದದಲ್ಲಿ ಕೊಲ್ಲಾಪುರದವರು ಚಿಕ್ಕೋಡಿ, ಮುನವಳ್ಳಿಗಳ ಮೇಲಿನ ಹಕ್ಕನ್ನೇ ಬಿಟ್ಟುಕೊಟ್ಟಿದ್ದರು. ಆ ಸೀಮೆ ನಿಪ್ಪಾಣಿಯ ಸಿದ್ದೋಜಿರಾವ್ ನಿಂಬಾಳ್ಕರನ ಕೈಲಿತ್ತು. ಆಮೇಲೆ ಪೇಶ್ವೆಯ ವಿರುದ್ಧದ ಯುದ್ಧದಲ್ಲಿ ಕೊಲ್ಲಾಪುರದ ರಾಜ ಆಬಾಸಾಹೇಬ ಇಂಗ್ಲಿಷರ ಪರ ನಿಂತ. 1818ರಲ್ಲಿ ಕಂಪನಿ ಸರ್ಕಾರ ಎರಡನ್ನೂ ಅವನಿಗೆ ಇನಾಮು ಕೊಟ್ಟಿತು. ಆಸೆ ಬಿಟ್ಟ ಆಸ್ತಿ, ಆರೇ ವರ್ಷದಲ್ಲಿ ವಾಪಸ್.

ಆದರೆ ಕೀಲಿ ಕಂಪನಿಯ ಹತ್ರವೇ ಇತ್ತು ನೋಡಿ. 1821ರಲ್ಲಿ ಆಬಾಸಾಹೇಬನ ಕೊಲೆಯಾಗಿ ತಮ್ಮ ಬುವಾಸಾಹೇಬ ಬಂದ. ಸುಮ್ಮನೆ ಕಂದಾಯ ಎಣಿಸಿಕೊಂಡು ಕೂತಿದ್ದರೆ ಸಾಕಿತ್ತು. ಇವನಿಗೋ ದಂಡು ಕಟ್ಟೋದು, ನೆರೆಯವರ ಮೇಲೆ ಏರಿಹೋಗೋದು ಇದೇ ಕೆಲಸ. 1826ರಲ್ಲಿ ಮಾಡಿಕೊಂಡ ಒಪ್ಪಂದವನ್ನೂ ಉಳಿಸಿಕೊಳ್ಳಲಿಲ್ಲ. 1827ರಲ್ಲಿ ಕಂಪನಿ ಎರಡನ್ನೂ ಕಿತ್ತುಕೊಂಡು, ಅವನ ಸೈನ್ಯವನ್ನು 400 ಕುದುರೆ, 800 ಕಾಲಾಳಿಗೆ ಇಳಿಸಿತು. ಒಂಬತ್ತೇ ವರ್ಷ!

ಹಾಗಾಗಿಯೇ ಚಿಕ್ಕೋಡಿ ನಮಗೆ ಉಳೀತು ಅನ್ನಬಹುದೇನೋ. ನನಗೆ ಒಪ್ಪಿಗೆಯಿಲ್ಲ. ಪಕ್ಕದ ರಾಯಬಾಗ 1949ರವರೆಗೂ ಕೊಲ್ಲಾಪುರ ಸಂಸ್ಥಾನದಲ್ಲೇ ಇತ್ತು, 1956ರಲ್ಲಿ ಅದೂ ಮೈಸೂರು ರಾಜ್ಯಕ್ಕೇ ಬಂತು.